ಉದ್ಯಾನದಲ್ಲಿ ಹಿಂದೆ ಉಳಿಯುವವರು ಯಾರು?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಲಾಲ್‌ಬಾಗಿನ ಯಾವುದಾದರೂ ದ್ವಾರದ ಬಳಿ ಹತ್ತು ನಿಮಿಷ ನಿಂತು ನೋಡಿ. ಮಕ್ಕಳು ಮುಂದೆ ಓಡುತ್ತಿರುತ್ತಾರೆ. ಅವರ ಹಿಂದೆ ಕೈಬೀಸಿಕೊಂಡು ಅಪ್ಪ. ಇನ್ನೂ ಹಿಂದೆ ನೀರಿನ ಬಾಟಲಿ, ತಿಂಡಿಯ ಚೀಲ ಹೊತ್ತ ಅಮ್ಮ. ಎಲ್ಲರಿಗಿಂತ ಕೊನೆಗೆ ಮಂಡಿ ಹಿಡಿದುಕೊಂಡು ಬರುವ ಅಜ್ಜಿ, ಮರ ನೋಡುವ ನೆಪದಲ್ಲಿ ಆಗಾಗ ನಿಲ್ಲುವ ತಾತ. ಮೈಸೂರಿನ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ, ಮಂಗಳೂರಿನ ಕದ್ರಿ ಉದ್ಯಾನ, ದಾವಣಗೆರೆಯ ಕುಂದುವಾಡ ಕೆರೆ, ಎಲ್ಲಿ ಹೋದರೂ ಮೆರವಣಿಗೆಯ ಕ್ರಮ ಹೆಚ್ಚುಕಡಿಮೆ ಇದೇ. ಮನೆಯವರ ಕಣ್ಣೆಲ್ಲ ಮುಂದೆ ಓಡುವ ಮಗುವಿನ ಮೇಲಿರುತ್ತದೆ. ವೈದ್ಯರ ಕಣ್ಣು ಮೊದಲು ಹೋಗುವುದು ಹಿಂದೆ ಉಳಿದವರ ಕಡೆಗೆ.

ನಡಿಗೆಯಿಂದ ಲಾಭವಿದೆ ಎಂಬುದನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ. ಲಂಡನ್ನಿನ ಬಸ್ಸುಗಳಲ್ಲಿ ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಡಾ. ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲೇ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕು; 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಸಾಧಾರಣ ಶ್ರಮ ಎಂದರೆ ಎಷ್ಟು? ನಡೆಯುತ್ತಲೇ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಇದಕ್ಕಿಂತ ಸುಲಭವಾದ ಅಳತೆ ಇಲ್ಲ, ಯಂತ್ರದ ಅಗತ್ಯವೂ ಇಲ್ಲ.

ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಉದ್ಯಾನಕ್ಕೆ ಹೋಗುವುದರಲ್ಲಿ ಇನ್ನೊಂದು ಲಾಭವಿದೆ. ಅದನ್ನು ಯಾರೂ ಗಮನಿಸುವುದಿಲ್ಲ. ಮನೆಯಲ್ಲಿ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ಓಡಾಡುವಷ್ಟರಲ್ಲಿ ಬಯಲಾಗದ ಕಾಯಿಲೆಗಳು ಒಂದು ಕಿಲೋಮೀಟರಿನ ನಡಿಗೆಯಲ್ಲಿ, ಸ್ವಲ್ಪ ಏರು ಬಂದ ಕೂಡಲೇ, ತಾವಾಗಿ ಹೊರಬೀಳುತ್ತವೆ. ನನ್ನ ಚಿಕಿತ್ಸಾಲಯದಲ್ಲಿ ರೋಗಿ ಕುರ್ಚಿಯ ಮೇಲೆ ಕುಳಿತಿರುತ್ತಾರೆ. ಅವರು ನಡೆಯುವುದನ್ನು ನೋಡುವವರು ನೀವು.

ಲಾಲ್‌ಬಾಗನ್ನೇ ತೆಗೆದುಕೊಳ್ಳಿ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಯಷ್ಟಿದೆ. ಗಾಜಿನ ಮನೆಯ ಸುತ್ತಲಿನ ದಾರಿ ಸಮತಟ್ಟು. ಕೆಂಪೇಗೌಡ ಗೋಪುರವಿರುವ ಬಂಡೆ ಮಾತ್ರ ಏರು. ಭೂವಿಜ್ಞಾನಿಗಳಿಗೆ ಅದು ಸುಮಾರು 300 ಕೋಟಿ ವರ್ಷಗಳ ಪ್ರಾಚೀನ ಶಿಲೆ. ನನಗೆ ಅದು ಹೃದಯ ಪರೀಕ್ಷೆಯ ಸ್ಥಳವೂ ಹೌದು. ಐವತ್ತೆರಡು ವರ್ಷದ ಶಿಕ್ಷಕರೊಬ್ಬರು ಹೊಟ್ಟೆಯುರಿಗೆ ಮಾತ್ರೆ ಕೇಳಿಕೊಂಡು ಬಂದಿದ್ದರು. ಜೊತೆಗಿದ್ದ ಅವರ ಶ್ರೀಮತಿ, "ನಮ್ಮನೆಯವ್ರು ಬಂಡೆ ಹತ್ತುವಾಗ ಎರಡು ಸಲ ನಿಲ್ತಾರೆ ಡಾಕ್ಟ್ರೆ. ಮೊಬೈಲ್ ನೋಡೋ ಹಾಗೆ ಮಾಡ್ತಾರೆ, ಅಷ್ಟೆ. ಯುಗಾದಿ ಹೊತ್ತಿಗೆ ಹೀಗೆ ನಿಲ್ತಿರಲಿಲ್ಲ" ಎಂದರು. "ಗ್ಯಾಸು, ಡಾಕ್ಟ್ರೆ" ಎಂದು ಅವರು ನಕ್ಕರು. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇತ್ತು. ಹೃದ್ರೋಗ ತಜ್ಞರಲ್ಲಿಗೆ ಕಳುಹಿಸಿದಾಗ, ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ದೋಷ ಕಂಡಿತು. ಹೃದಯದ ಒಂದು ಮುಖ್ಯ ರಕ್ತನಾಳ ಬಹುಪಾಲು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿಸಿಕೊಂಡು ಈಗ ಅವರು ಶಾಲೆಗೆ ಹೋಗುತ್ತಿದ್ದಾರೆ. ಕಾಯಿಲೆ ಕಂಡುಹಿಡಿದವರು ನಾನಲ್ಲ, ಅವರ ಶ್ರೀಮತಿ.

ಹೀಗೇಕಾಗುತ್ತದೆ ಎಂದರೆ, ಹೃದಯಕ್ಕೆ ರಕ್ತ ಒಯ್ಯುವ ನಾಳ ಶೇಕಡ 70ರಷ್ಟು ಕಿರಿದಾದರೂ ಸುಮ್ಮನೆ ಕುಳಿತಾಗ ಬೇಕಾಗುವಷ್ಟು ರಕ್ತ ಹೇಗೋ ಹರಿಯುತ್ತದೆ. ಏರು ಹತ್ತುವಾಗ ಹೃದಯದ ಬೇಡಿಕೆ ಹೆಚ್ಚುತ್ತದೆ. ಕಿರಿದಾದ ನಾಳ ಅದನ್ನು ಪೂರೈಸಲಾರದು. ಆಗ ಎದೆಯ ಮಧ್ಯಭಾಗದಲ್ಲಿ ಬಿಗಿತ, ಭಾರ, ಕೆಲವರಿಗೆ ಉರಿ. ಅದು ಎಡಗೈಗೆ, ಕತ್ತಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ನಿಂತರೆ ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ಇಳಿಯುವುದರಿಂದಲೇ ಜನ ಮೋಸ ಹೋಗುತ್ತಾರೆ. ನಡೆದಾಗ ಬಂದು ನಿಂತಾಗ ಹೋಗುವ ನೋವನ್ನು, ಅದು ಹೊಟ್ಟೆಯ ಮೇಲ್ಭಾಗದಲ್ಲೇ ಇರಲಿ, ಗ್ಯಾಸ್ ಎಂದು ತಳ್ಳಿಹಾಕಬೇಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಏದುಸಿರು ಅಥವಾ ವಿಪರೀತ ಸುಸ್ತು ಕಾಣಿಸಬಹುದು. ಇತ್ತೀಚಿನ ಕೆಲವು ವಾರಗಳಲ್ಲಿ ಹೊಸದಾಗಿ ಶುರುವಾಗಿದ್ದರೆ, ಅಥವಾ ಮೊದಲಿಗಿಂತ ಕಡಿಮೆ ದೂರಕ್ಕೇ ಬರುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಕುಳಿತರೂ ಇಳಿಯದಿದ್ದರೆ, ಬೆವರು, ವಾಂತಿ ಜೊತೆಗಿದ್ದರೆ 108ಕ್ಕೆ ಕರೆ ಮಾಡಿ. ರೋಗಿಯನ್ನು ದ್ವಾರದವರೆಗೆ ನಡೆಸಿಕೊಂಡು ಹೋಗಬೇಡಿ, ಅಲ್ಲೇ ಕೂರಿಸಿ. ಆಸ್ಪಿರಿನ್ ಒಗ್ಗದವರು, ಹೊಟ್ಟೆ ಹುಣ್ಣಿನಿಂದ ರಕ್ತಸ್ರಾವವಾದವರು ಅಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಲು ಕೊಡಬಹುದು. ದೊಡ್ಡ ಊರಿನಲ್ಲಿ ಇಲ್ಲದವರು ನಿರಾಶರಾಗಬೇಕಿಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೂ ಬೇಗ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಕೊಡುವುದು.

ತಾತ ಎದೆಯ ಮೇಲೆ ಕೈಯಿಡದೆ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಾರೆಯೇ? ಬೀಡಿ, ಸಿಗರೇಟು ಸೇದಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಲಿನ ರಕ್ತನಾಳವೂ ಹೀಗೆಯೇ ಕಿರಿದಾಗುತ್ತದೆ. ಇಂಥವರಿಗೆ ಸುಮ್ಮನೆ ನಿಂತರೆ ಸಾಕು, ನೋವು ಹೋಗುತ್ತದೆ. ಬೆನ್ನುಹುರಿಯ ನಾಳ ಕಿರಿದಾಗಿ ನೋವು ಬರುತ್ತಿದ್ದರೆ ನಿಂತರೆ ಸಾಲದು, ಕಲ್ಲುಬೆಂಚಿನ ಮೇಲೆ ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಈ ಒಂದು ವ್ಯತ್ಯಾಸವನ್ನು ನೀವು ನೋಡಿಕೊಂಡು ಬಂದು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಇನ್ನು ಚೀಲ ಹೊತ್ತ ಅಮ್ಮ. ಆಕೆಗೆ ಉಸಿರು ಹತ್ತಿದರೆ ಮನೆಯವರು ತೂಕದ ಕಡೆ ಬೆರಳು ತೋರಿಸುತ್ತಾರೆ, ಮಕ್ಕಳು ನಗುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಟ್ಟಿನ ಸ್ರಾವ ಹೆಚ್ಚಿರುವವರಿಗೆ, ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಉಣ್ಣುವವರಿಗೆ ಇದು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಕಾರಣ ಹುಡುಕಿ ಕಬ್ಬಿಣಾಂಶದ ಮಾತ್ರೆ ಕೊಡಬೇಕಾಗುತ್ತದೆ. ಮಾತ್ರೆಯ ಜೊತೆ ಕಾಫಿ, ಚಹಾ ಬೇಡ. ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮತ್ತು ಆ ಚೀಲವನ್ನು ಇನ್ನೊಬ್ಬರು ಹೊರಲಿ.

ಮಕ್ಕಳ ವಿಷಯದಲ್ಲಿ ನೋಡಬೇಕಾದದ್ದು ಓಡುವುದನ್ನಲ್ಲ, ಓಡಿ ನಿಂತ ಮೇಲೆ ಏನಾಗುತ್ತದೆ ಎಂಬುದನ್ನು. ನಿಂತ ಐದು ಹತ್ತು ನಿಮಿಷಗಳಲ್ಲಿ ಒಣಕೆಮ್ಮು ಬಂದರೆ, ಎದೆಯಲ್ಲಿ ಸುಂಯ್‌ಗುಟ್ಟಿದರೆ ಅದು ಉಬ್ಬಸದ ಮೊದಲ ಸೂಚನೆ ಇರಬಹುದು. ಇಂಥ ಮಗುವನ್ನು ಆಟದಿಂದ ಬಿಡಿಸಬೇಡಿ. ಸರಿಯಾದ ಇನ್‌ಹೇಲರ್ ಸಿಕ್ಕರೆ ಅದೂ ಎಲ್ಲರಂತೆ ಓಡಬಲ್ಲದು. ಬಯಲಿನಲ್ಲಿ ಕಳೆದ ಹೊತ್ತು ಮಕ್ಕಳ ಕಣ್ಣಿಗೂ ಒಳ್ಳೆಯದು. ತೈವಾನಿನ ಶಾಲೆಗಳಲ್ಲಿ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗೆ ಬಿಡುವ ಕಾರ್ಯಕ್ರಮ ನಡೆಯುತ್ತಿರುವುದು ಸಮೀಪದೃಷ್ಟಿ ದೋಷವನ್ನು ತಡೆಯುವುದಕ್ಕಾಗಿಯೇ. ನಮ್ಮ ಮನೆಯೊಳಗಿನ ಬೆಳಕು ಸಾಮಾನ್ಯವಾಗಿ 500 ಲಕ್ಸ್ ಮೀರುವುದಿಲ್ಲ. ಮರದ ನೆರಳಿನಲ್ಲೂ ಅದು ಸಾವಿರಗಳಲ್ಲಿರುತ್ತದೆ. ಆದರೆ ಮಗು ಕಲ್ಲುಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಮುಳುಗಿದ್ದರೆ ಕರೆದುಕೊಂಡು ಬಂದದ್ದು ಅಷ್ಟಕ್ಕಷ್ಟೆ.

ಸಕ್ಕರೆ ಕಾಯಿಲೆಯವರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಈ ಕಾಯಿಲೆಯಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಉದ್ಯಾನದಲ್ಲಿ ನಡೆಯುವವರಲ್ಲಿ ಇವರೇ ಹೆಚ್ಚು, ಅದು ಸಂತೋಷದ ಸಂಗತಿ. ಅಪಾಯ ಎಲ್ಲಿದೆಯೆಂದರೆ, ಬೆಳಿಗ್ಗೆ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, "ತಿಂಡಿ ಬಂದ ಮೇಲೆ" ಎಂದು ಖಾಲಿ ಹೊಟ್ಟೆಯಲ್ಲಿ ಹೊರಡುವುದರಲ್ಲಿ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಾಗದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಮತ್ತು ಇನ್ಸುಲಿನ್ ಹಾಗಲ್ಲ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ಕೈನಡುಕ, ಎದೆ ಢವಢವ, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಡುಕು ಇದರ ಲಕ್ಷಣಗಳು. ನಡೆಯುವಾಗ ಎಲ್ಲರೂ ಬೆವರುವುದರಿಂದ ಇದು ಗೊತ್ತಾಗದೆ ಹೋಗುತ್ತದೆ. ತಣ್ಣನೆಯ ಬೆವರಿನ ಜೊತೆ ಮಾತು ತೊದಲಿದರೆ ತಡಮಾಡಬೇಡಿ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. ಕಾಲು ಗಂಟೆಯಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಆಮೇಲೆ ಹೊಟ್ಟೆಗೆ ಏನಾದರೂ ಬೀಳಬೇಕು. ಮೊದಲೇ ಬಿಸ್ಕತ್ತು ಕೊಡಬೇಡಿ, ಅದರ ಸಕ್ಕರೆ ರಕ್ತ ಸೇರಲು ನಿಧಾನ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಕರೆಸಿ. ನಡೆಯಲು ಹೋಗುವ ದಿನ ಇನ್ಸುಲಿನ್ನನ್ನು ತೊಡೆಗೆ ಬದಲು ಹೊಟ್ಟೆಗೆ ಚುಚ್ಚಿಕೊಳ್ಳುವುದು ಲೇಸು. ದುಡಿಯುವ ಸ್ನಾಯುವಿನ ಬಳಿಯಿಂದ ಅದು ಬೇಗ ರಕ್ತ ಸೇರುತ್ತದೆ. ಇಡೀ ದಿನ ಸುತ್ತಾಡಿದ್ದರೆ ಆ ರಾತ್ರಿಯೂ ಸಕ್ಕರೆ ಇಳಿಯಬಹುದು, ಊಟ ತಪ್ಪಿಸಬೇಡಿ.

ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣಿಗೆ ತಂಪು ಎನ್ನುವವರಿದ್ದಾರೆ. ಈಚೆಗೆ ಅನೇಕ ಉದ್ಯಾನಗಳಲ್ಲಿ ಉರುಟುಕಲ್ಲು ಹಾಸಿದ ದಾರಿಗಳೂ ಬಂದಿವೆ. ಆರೋಗ್ಯವಂತರು ನಡೆದರೆ ನನ್ನ ಆಕ್ಷೇಪವಿಲ್ಲ. ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಮುಳ್ಳು ಚುಚ್ಚಿದ್ದೂ ತಿಳಿಯದು, ಬಿಸಿಲಿಗೆ ಕಾದ ಕಲ್ಲು ಸುಟ್ಟದ್ದೂ ತಿಳಿಯದು. ಒಂದು ವಾರದ ನಂತರ ಕೀವು ತುಂಬಿದಾಗಲೇ ಗೊತ್ತಾಗುವುದು. ಅವರು ಮುಚ್ಚಿದ ಬೂಟು, ಹತ್ತಿಯ ಕಾಲುಚೀಲ ಧರಿಸಿ, ಮನೆಗೆ ಬಂದು ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು.

ಅಜ್ಜಿಯ ಮಂಡಿನೋವಿಗೆ ಬರೀ ವಿಶ್ರಾಂತಿ ಮದ್ದಲ್ಲ. ಕೂತಷ್ಟೂ ತೊಡೆಯ ಸ್ನಾಯು ಸೊರಗಿ ಮಂಡಿಯ ಮೇಲಿನ ಭಾರ ಹೆಚ್ಚುತ್ತದೆ. ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ನಡೆದು, ಕೂತು, ಮತ್ತೆ ಹತ್ತು ನಿಮಿಷ ನಡೆಯಲಿ. ಕೈ ಊರದೆ ಬೆಂಚಿನಿಂದ ಐದಾರು ಸಲ ಏಳುವುದು, ಕೂರುವುದು ಕೂಡ ಒಳ್ಳೆಯ ವ್ಯಾಯಾಮವೇ. ಮಂಡಿಯ ಮೇಲೆ ಏರಿಗಿಂತ ಇಳಿಜಾರಿನ ಹೊಡೆತ ಹೆಚ್ಚು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಹಿರಿಯರು ಇಳಿಯುವಾಗ ಬಸ್ಸು ಹಿಡಿಯುವುದೇ ಸರಿ. ಊರುಗೋಲನ್ನು ನೋವಿರುವ ಮಂಡಿಯ ಎದುರು ಕೈಯಲ್ಲಿ ಹಿಡಿಯಬೇಕು. ಬಲಮಂಡಿ ನೋವಿದ್ದರೆ ಎಡಗೈಯಲ್ಲಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಇನ್ನೊಂದು ಮಾತು. ಉದ್ಯಾನದಲ್ಲಿ ಶೌಚಾಲಯ ಹತ್ತಿರವಿಲ್ಲ ಎಂಬ ಅಂಜಿಕೆಯಿಂದ ಎಷ್ಟೋ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿದಿರುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಶೌಚಾಲಯ ಎಲ್ಲಿದೆಯೆಂದು ಮೊದಲೇ ವಿಚಾರಿಸಿ ಆ ಕಡೆಯ ದಾರಿಯನ್ನೇ ಹಿಡಿಯಿರಿ.

ಜೇನುಗೂಡು ಕಂಡರೆ ಕಲ್ಲೆಸೆಯದಂತೆ ಮಕ್ಕಳನ್ನು ತಡೆಯಿರಿ. ಜೇನು ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು. ಕೈಬೀಸಿ ಓಡಿಸಲು ಹೋಗಬಾರದು. ಕುಟುಕಿದ ಮುಳ್ಳನ್ನು ತಕ್ಷಣ ಕೆರೆದು ತೆಗೆಯಿರಿ. ತುಟಿ, ಕಣ್ಣು ಊದಿ ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದು ತಲೆ ಸುತ್ತಿದರೆ ಅಡ್ರಿನಲಿನ್ ಚುಚ್ಚುಮದ್ದು ಬೇಕು, ಅದಿರುವ ಆಸ್ಪತ್ರೆಗೆ ಓಡಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅಂದೇ ಲಸಿಕೆ ಆರಂಭಿಸಬೇಕು. ಅರಿಸಿನ, ಸುಣ್ಣ ಬೇಡ.

ನಡಿಗೆ ಮುಗಿಸಿ ಹೊರಬಂದರೆ ದ್ವಾರದಲ್ಲೇ ಹಾಗಲಕಾಯಿ, ಸೋರೆಕಾಯಿ, ಬೂದುಗುಂಬಳದ ರಸದ ಬಾಟಲಿಗಳು ಸಾಲಾಗಿರುತ್ತವೆ. ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕನ್ನೂ ನುಂಗಬೇಡಿ, ಉಗುಳಿಬಿಡಿ. ಕಹಿ ಸೋರೆಯಲ್ಲಿರುವ ವಿಷದಿಂದ ರಕ್ತವಾಂತಿಯಾಗಿ ಸತ್ತವರಿದ್ದಾರೆ. ಹಾಗಲಕಾಯಿ ರಸವನ್ನು ಸಕ್ಕರೆ ಮಾತ್ರೆಗೆ ಬದಲು ಎಂದು ಭಾವಿಸಬೇಡಿ. ಮಸಾಲೆ ದೋಸೆಯ ವಿಷಯಕ್ಕೆ ಬಂದರೆ, ಅರ್ಧ ಗಂಟೆಯ ನಡಿಗೆಯಲ್ಲಿ ಕರಗಿದ್ದು ನೂರು, ನೂರಿಪ್ಪತ್ತು ಕ್ಯಾಲೊರಿ. ಒಂದು ದೋಸೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಹಾಗೆಂದು ಮಕ್ಕಳಿಗೆ ತಪ್ಪಿಸಬೇಡಿ, ಮುಂದಿನ ವಾರ ಅವರನ್ನು ಎಬ್ಬಿಸುವುದು ಕಷ್ಟವಾದೀತು. ದೊಡ್ಡವರು ಹಂಚಿಕೊಂಡು ತಿನ್ನಲಿ.

ಹೊರಡುವಾಗ ಹಿರಿಯರ ಜೇಬಿನಲ್ಲಿ ಒಂದು ಚೀಟಿ ಇಡಿ: ಹೆಸರು, ಮನೆಯವರ ದೂರವಾಣಿ ಸಂಖ್ಯೆ, ತೆಗೆದುಕೊಳ್ಳುವ ಮಾತ್ರೆಗಳು. ಜೊತೆಗೆ ಒಂದು ಗ್ಲೂಕೋಸ್ ಪೊಟ್ಟಣ. ಒಳಗೆ ಹೋದ ಮೇಲೆ, ಈ ವಾರ ನೀವು ಎಲ್ಲರಿಗಿಂತ ಹಿಂದೆ ನಡೆಯಿರಿ.