ಕರೆದಾಗ ಹೋಗಿರಿ

ದೇವಸುಗೂರಿನ ಸೂಗೂರೇಶ್ವರನಿಗೆ ಕೈಮುಗಿದು, 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿರುವ ಪಕ್ಕದ ಶಕ್ತಿನಗರದ ಕೇಂದ್ರದಲ್ಲಿ ಉದ್ಯೋಗಕ್ಕೆ ಸೇರಲಿರುವ ತರುಣಮಿತ್ರರಿಗೆ ವಿದ್ಯೆಯನ್ನು ಕುರಿತು ನಾನು ಹೇಳಬೇಕಾದುದೇನೂ ಇಲ್ಲ. ಜನರೊಡನೆ ನಡೆದುಕೊಳ್ಳುವ ಬಗೆಯನ್ನು ಕುರಿತು ಮಾತ್ರ ನಮ್ಮ ಸೀಮೆಯದೇ ಒಂದು ಐತಿಹ್ಯವನ್ನು ನೆನಪಿಸಬಯಸುತ್ತೇನೆ. ಮಾನ್ವಿಯ ಕಡೆಯ ಬ್ಯಾಗವಾಟದ ಶ್ರೀನಿವಾಸಾಚಾರ್ಯರು, ಸಂಸ್ಕೃತಪಾಂಡಿತ್ಯದ ಗರ್ವದಿಂದ, ಕನ್ನಡದಲ್ಲಿ ಹಾಡುವ ವಿಜಯದಾಸರು ಊಟಕ್ಕೆ ಹೇಳಿಕಳುಹಿದಾಗ ಹೊಟ್ಟೆನೋವಿನ ನೆಪವೊಡ್ಡಿ ಹೋಗದೆ ಉಳಿದರಂತೆ. ನೆಪವೇ ನಿಜವಾಗಿ, ಬೇನೆಯಿಂದ ಬಹುಕಾಲ ಬಳಲಿ, ಕಡೆಗೆ ಆ ದಾಸರ ಶಿಷ್ಯರಾದ, ದೇವದುರ್ಗದ ಕಡೆಯ ಮೊಸರುಕಲ್ಲಿನ ಗೋಪಾಲದಾಸರ ಬಳಿಗೆ ಹೋಗಿ ಗುಣಹೊಂದಿದರಂತೆ. ಪವಾಡವನ್ನು ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲಿಯೇ ರಚಿಸಿದುದಂತೂ ದಿಟ.

ಆದುದರಿಂದ, ಪಾಳಿ ಬದಲಾಗುವ ಹೊತ್ತಿನಲ್ಲಿ, ಕಲ್ಲಿದ್ದಲಿನ ಮಸಿ ಮೆತ್ತಿದ ಕೈಯಿಂದ ಹಿರಿಯ ಕಾರ್ಮಿಕನೊಬ್ಬನು ಚಹಾದ ಲೋಟವನ್ನು ಮುಂದೆ ಸರಿಸಿ ‘ಬರ್ರಿ ಸರ, ಒಂದೀಟು ಕುಂದರ್ರಿ’ ಎಂದಾಗ, ಕೆಲಸವಿದೆಯೆಂದು ಜಾರಿಕೊಳ್ಳದೆ ಕುಳಿತುಕೊಳ್ಳಿರಿ. ಯಾವ ಪಂಪಿನ ಬೇರಿಂಗು ಇರುಳೆಲ್ಲ ಬಿಸಿಯೇರುತ್ತಿತ್ತೆಂಬುದನ್ನು, ದಾಖಲೆಯ ಪುಸ್ತಕದಲ್ಲಿ ಯಾರೂ ಬರೆಯದಿದ್ದರೂ, ಎರಡು ಗುಟುಕಿನ ನಡುವೆ ಆತನು ಹೇಳಿಯಾನು.