ಪರವೂರಿನಲ್ಲಿ ಹೊಟ್ಟೆ ಕಟ್ಟಬೇಡಿ

ಬಾಗಲವಾಡದ ಮಕ್ಕಳೆ, ಮುಂಜಾನೆಯ ಬಸ್ ಹಿಡಿದು ರಾಯಚೂರಿಗೆ ಹೋಗುವವರು ನೀವು. ಒಬ್ಬರು ಪರೀಕ್ಷೆಗೆ, ಒಬ್ಬರು ಕೋರ್ಟಿನ ತಾರೀಖಿಗೆ, ಮತ್ತೊಬ್ಬರು ರಿಮ್ಸ್ ಆಸ್ಪತ್ರೆಯಲ್ಲಿ ಮಲಗಿದವರ ಜೋಡಿ ಇರಲಿಕ್ಕೆ. ಒಂದು ದಿನದ ಕೆಲಸ ಮೂರು ದಿನಕ್ಕೆ ಎಳೆಯುವುದೂ ಉಂಟು. ಆಗ ನಮ್ಮವರು ಮೊದಲು ಕತ್ತರಿ ಹಾಕುವುದು ಊಟಕ್ಕೆ. ಚಹಾ ಕುಡಿದು, ಎರಡು ಮಿರ್ಚಿ ತಿಂದು ದಿನ ದೂಡುತ್ತಾರೆ. ಹಾಗೆ ಮಾಡಬೇಡಿ. ಕಡಿಮೆ ರೊಕ್ಕದಲ್ಲಿ ಮೈಗೆ ಹತ್ತುವಂಥ ಊಟ ಮಾಡಲಿಕ್ಕೆ ಬರುತ್ತದೆ. ಅದಕ್ಕೆ ಬೇಕಾದದ್ದು ಸ್ವಲ್ಪ ತಯಾರಿ, ಸ್ವಲ್ಪ ವಿಚಾರಣೆ.

ತಯಾರಿ ಮನೆಯಲ್ಲೇ ಆಗಬೇಕು. ಕಟಕ ಜೋಳದ ರೊಟ್ಟಿ ಇಲ್ಲವೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಂದೊಂದು ಡಬ್ಬಿ ಇರಲಿ. ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಪಸೆ ಹಿಡಿಯುತ್ತದೆ, ಒಣ ಬಟ್ಟೆಯಲ್ಲಿ ಕಟ್ಟಿ. ಪೇಟೆಯಲ್ಲಿ ಮೊಸರು, ಒಂದು ಉಳ್ಳಾಗಡ್ಡಿ, ಒಂದು ಸವತೆಕಾಯಿ ಕೊಂಡರೆ ರಾತ್ರಿಯ ಊಟ ಆಯಿತು. ಶೇಂಗಾದ ಹಿಂಡಿ ಬರೀ ನಂಜಿಕೊಳ್ಳಲಿಕ್ಕೆ ಎಂದು ತಿಳಿಯಬೇಡಿ, ಅದರಲ್ಲಿ ಮೈಗೆ ಬೇಕಾದ ಕಸುವಿದೆ. ಬುತ್ತಿ ಬಿಚ್ಚಲಿಕ್ಕೆ ನಾಚಲೂ ಬೇಡಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತಲ್ಲ, ಆ ಪಟ್ಟಿಯಲ್ಲಿ ನಮ್ಮ ಜೋಳವೂ ಇದೆ, ಸಜ್ಜೆಯೂ ಇದೆ.

ದಿನಕ್ಕೆ ಒಂದು ಹೊತ್ತು ಮಾತ್ರ ಖಾನಾವಳಿಯಲ್ಲಿ ಕುಳಿತು ಪೂರ್ತಿ ಊಟ ಮಾಡಿ. ಅದು ಮಧ್ಯಾಹ್ನದ್ದಾಗಲಿ, ಒಂದು ಗಂಟೆಯ ಆಚೀಚೆ. ಆಗ ರೊಟ್ಟಿ ಬಿಸಿ ಇರುತ್ತದೆ, ಪಲ್ಯ ಹೊಸದಿರುತ್ತದೆ. ಮೂರೂವರೆಗೆ ಹೋದರೆ ಉಳಿದದ್ದೇ ಗತಿ. ಗೋಡೆಯ ಬಣ್ಣ ನೋಡಿ ಖಾನಾವಳಿ ಆರಿಸಬೇಡಿ. ಹಮಾಲರು, ಲಾರಿಯವರು, ಹತ್ತಿ ಮಾರಲಿಕ್ಕೆ ಬಂದ ರೈತರು ಎಲ್ಲಿ ಕುಳಿತಿದ್ದಾರೆ ನೋಡಿ. ಮೈಮುರಿದು ದುಡಿದವರು ಅರೆಹೊಟ್ಟೆಯ ಜಾಗಕ್ಕೆ ಎರಡನೇ ಸಲ ಹೋಗುವುದಿಲ್ಲ. ಕುಳಿತುಕೊಳ್ಳುವ ಮೊದಲೇ ಕೇಳಿ: ಊಟಕ್ಕೆ ಎಷ್ಟು, ರೊಟ್ಟಿ ಎಷ್ಟು ಕೊಡುತ್ತೀರಿ, ಮತ್ತೆ ಹಾಕಿಸಿಕೊಂಡರೆ ಬೇರೆ ರೊಕ್ಕವೇ? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಖಾನಾವಳಿಯ ಬಾಗಿಲಲ್ಲಿ ಎರಡೂ ಉಪಯೋಗಕ್ಕೆ ಬರುತ್ತವೆ. ಕಾಳಿನ ಪಲ್ಯ, ಪುಂಡಿಪಲ್ಯ, ಮಜ್ಜಿಗೆ ಇದ್ದರೆ ಬಿಡಬೇಡಿ.

ಮುಂಜಾನೆ ಮಂಡಾಳ ಒಗ್ಗರಣೆ ತಿನ್ನಿ, ಬೇಡ ಎನ್ನುವುದಿಲ್ಲ. ಆದರೆ ಅದು ಹಗುರ, ಹತ್ತು ಗಂಟೆಗೆ ಮತ್ತೆ ಹಸಿವು. ಎರಡನೇ ಮಿರ್ಚಿಯ ರೊಕ್ಕಕ್ಕೆ ಬಾಳೆಹಣ್ಣು ಇಲ್ಲವೆ ಕುದಿಸಿದ ತತ್ತಿ ತಿಂದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಇಂದಿರಾ ಕ್ಯಾಂಟೀನ್ ಕೂಡ ನೆನಪಿರಲಿ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಆಮೇಲೆ ಜಿಲ್ಲೆ-ತಾಲ್ಲೂಕುಗಳಿಗೂ ಬಂತು. ಐದು ರೂಪಾಯಿಗೆ ನಾಷ್ಟಾ, ಹತ್ತು ರೂಪಾಯಿಗೆ ಊಟ. ಹೊತ್ತು ಮೀರಿದರೆ ಮುಗಿದಿರುತ್ತದೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ನೀರಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡರು. ಮನೆಯಿಂದ ದೊಡ್ಡ ಬಾಟಲಿ ಒಯ್ಯಿರಿ, ಮುಗಿದರೆ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಬೇಸಿಗೆಯಲ್ಲಿ ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಶರಬತ್ತು ಅಗ್ಗವೆಂದು ಮುಟ್ಟಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸರ್ಕಾರಿ ಬಸ್ಸು ಪುಕ್ಕಟೆ. ಆ ಉಳಿದ ರೊಕ್ಕ ನಿಮ್ಮ ತಾಟಿಗೆ ಬರಲಿ. ಆಸ್ಪತ್ರೆಯಲ್ಲಿ ರೋಗಿಗೆ ಉಣಿಸಿ, ಗಂಡಸರಿಗೆ ಹಾಕಿ, ಉಳಿದರೆ ತಿನ್ನುವ ರೂಢಿ ನಮ್ಮವ್ವಂದಿರದು. ರಾತ್ರಿಯಿಡೀ ಎಚ್ಚರ ಇರುವವರು, ಔಷಧಿಗೆ ಓಡಾಡುವವರು ನೀವೇ. ನೀವು ನೆಲ ಹಿಡಿದರೆ ರೋಗಿಯನ್ನು ನೋಡುವವರು ಯಾರು? ಜೋಡಿ ಬಂದ ಗಂಡಸರೇ, ಅವಳು ಉಂಡಳೋ ಇಲ್ಲವೋ ಕೇಳುವುದು ನಿಮ್ಮ ಕೆಲಸ.

ಇನ್ನು ದೂರ ಹೋಗುವವರಿಗೆ. ಮಂತ್ರಾಲಯದಂಥ ಕ್ಷೇತ್ರದಲ್ಲಿ ಪ್ರಸಾದದ ಪಂಕ್ತಿ ಇದೆ. ಸಂಕೋಚ ಬಿಟ್ಟು ಕುಳಿತುಕೊಳ್ಳಿ, ಅಗುಳು ಚೆಲ್ಲಬೇಡಿ, ಕೈಲಾದದ್ದನ್ನು ಹುಂಡಿಗೆ ಹಾಕಿ. ಬೆಂಗಳೂರಿನಲ್ಲಿ ನಿಂತು ತಿನ್ನುವ ದರ್ಶಿನಿಗಳಿವೆ. ಅಲ್ಲಿ ಬಡಿಸುವವರ ಖರ್ಚಿಲ್ಲ, ಅದಕ್ಕೇ ಇಡ್ಲಿ ಅಗ್ಗ. ಸಮುದ್ರ ದಾಟಿದರೂ ಲೆಕ್ಕ ಇದೇ. ಇಟಲಿಯ ಊರುಗಳಲ್ಲಿ ಕಾಫಿ ನಿಂತು ಕುಡಿದರೆ ಒಂದು ಬೆಲೆ, ಮೇಜಿಗೆ ಕುಳಿತರೆ ಸಾಮಾನ್ಯವಾಗಿ ಹೆಚ್ಚು. ಹಲವು ಹೋಟೆಲುಗಳಲ್ಲಿ ಕುಳಿತದ್ದಕ್ಕೇ ತಲೆಗಿಷ್ಟು ಎಂದು ‘ಕೊಪೆರ್ತೊ’ ಬಿಲ್ಲಿಗೆ ಸೇರಿಸುತ್ತಾರೆ, ಅದನ್ನೂ ಮೊದಲೇ ಕೇಳಬೇಕು. ರೋಮ್ ನಗರದ ಬೀದಿಗಳಲ್ಲಿ 1874ರಿಂದ ಕೂರಿಸುತ್ತ ಬಂದ ನಲ್ಲಿಗಳು ಎರಡು ಸಾವಿರಕ್ಕೂ ಹೆಚ್ಚಿವೆ. ಕುಡಿಯುವ ನೀರು ಪುಕ್ಕಟೆ. ಜಿನೋವಾದಲ್ಲಿ ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಬೇಯಿಸುವ ‘ಫಾರಿನಾತಾ’ ದುಡಿಯುವ ಜನರ ತಿಂಡಿ. ಜುಣಕದ ವಡಿ ತಿಂದ ನಾಲಿಗೆಗೆ ಅದು ಹೊಸದೆನಿಸದು. ಯಾವ ಊರಿಗೆ ಹೋದರೂ ಅಲ್ಲಿಯ ಕಷ್ಟಜೀವಿಗಳು ಏನು, ಎಲ್ಲಿ, ಯಾವ ಹೊತ್ತಿಗೆ ಉಣ್ಣುತ್ತಾರೆ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಿ.

ಕಡೆಗೆ ಒಂದು ಮಾತು. ಮನೆ ಬಿಡುವಾಗಲೇ ಊಟದ ರೊಕ್ಕ ಬೇರೆ ಕಿಸೆಯಲ್ಲಿಡಿ. ವಕೀಲರ ಫೀಸಿಗಾಗಲಿ, ಅರ್ಜಿಯ ಖರ್ಚಿಗಾಗಲಿ ಅದಕ್ಕೆ ಕೈ ಹಾಕಬೇಡಿ. ಹಸಿದವರಿಗೆ ಪರೀಕ್ಷೆಯಲ್ಲಿ ಓದಿದ್ದು ನೆನಪಾಗುವುದಿಲ್ಲ, ಕಚೇರಿಯಲ್ಲಿ ಸಿಟ್ಟು ತಡೆಯುವುದಿಲ್ಲ. ಹೋದ ಕೆಲಸ ಕೈಗೂಡಬೇಕಾದರೆ ಹೊಟ್ಟೆಗೆ ಹಾಕಿಕೊಂಡೇ ಸಾಲಿನಲ್ಲಿ ನಿಲ್ಲಿ.