ಗಾಡಿಗೂ ಒಂದು ಪಹಣಿ ಇದೆ

ಜಮೀನು ಕೊಳ್ಳುವಾಗ ನಮ್ಮ ರೈತರು ಬಲು ಹುಷಾರು. ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸೊಸೈಟಿ ಸಾಲವೋ ಬ್ಯಾಂಕಿನ ಸಾಲವೋ ಕೂತಿದೆಯಾ ಅಂತ ನೋಡದೆ ಮುಂಗಡ ಕೊಡುವವರಲ್ಲ. ಅದೇ ರೈತ ಹಳೇ ಟ್ರ್ಯಾಕ್ಟರ್ ಕೊಳ್ಳುವಾಗ ಟೈರು ನೋಡುತ್ತಾನೆ, ಇಂಜಿನ್ ಶಬ್ದ ಕೇಳುತ್ತಾನೆ, ದುಡ್ಡು ಎಣಿಸಿಕೊಟ್ಟು ಕೀ ಇಸ್ಕೊಂಡು ಹೊರಟುಬಿಡುತ್ತಾನೆ. ಗಾಡಿಗೂ ಪಹಣಿಯಂಥ ಕಾಗದ ಇದೆ. ಅದೇ ಆರ್.ಸಿ. ಅದನ್ನು ಓದೋದು ಹೇಗೆ, ತಿದ್ದಿಸೋದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮಾಗಡಿ, ಕುಣಿಗಲ್ ಕಡೆಯ ನಮ್ಮಂಥವರಿಗೆ ಹಳೇ ಬೈಕು, ಸ್ಕೂಟರು ಸಿಗೋದು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಿಂದ. ಕೆಂಗೇರಿ ಉಪನಗರದಂಥ ಕಡೆ ನೌಕರಿಯವರು ಹೊಸ ಗಾಡಿ ತಗೊಂಡರೆ ಹಳೇದು ಊರ ಕಡೆ ಬರುತ್ತದೆ. ನಮ್ಮೂರಿನ ಹುಡುಗನೊಬ್ಬ ಹೀಗೇ ಉಪನಗರದ ಒಬ್ಬರ ಹತ್ತಿರ ಕೆ.ಎ. 41 ನಂಬರಿನ ಬೈಕ್ ಕೊಂಡ. ಮಾರಿದವರು ಕಂತು ಪೂರ್ತಿ ಕಟ್ಟಿದ್ದರು, ರಸೀದಿಯೂ ಇತ್ತು. ಆದರೆ ಆರ್.ಸಿ.ಯಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರು ಹಾಗೇ ಇತ್ತು. ಆ ಕಂಪನಿಯ ಹತ್ತಿರದ ಶಾಖೆ ಅಷ್ಟರಲ್ಲಿ ಮುಚ್ಚಿತ್ತು. ಒಂದು ಕಾಗದಕ್ಕಾಗಿ ಇಬ್ಬರೂ ಎಂಟು ತಿಂಗಳು ಓಡಾಡಿದರು. ಅಷ್ಟು ದಿನವೂ ಬೈಕ್ ಓಡಿಸಿದವನು ಹುಡುಗ, ಕಾಗದದ ಪ್ರಕಾರ ಮಾಲೀಕರು ಉಪನಗರದವರು.

ಸಾಲ ತೀರುವುದು ಬೇರೆ, ಹೆಸರು ಹೋಗುವುದು ಬೇರೆ

ಸಾಲದ ಮೇಲೆ ಗಾಡಿ ತೆಗೆದಾಗ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ಏರುತ್ತದೆ. ಇದನ್ನೇ ಎಚ್.ಪಿ. ಅನ್ನುತ್ತಾರೆ. ಮೋಟಾರು ವಾಹನ ಕಾಯ್ದೆ 1988ರ 51ನೇ ಕಲಂ ಪ್ರಕಾರ, ಈ ಹೆಸರು ಇರುವ ತನಕ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಗಾಡಿ ಇನ್ನೊಬ್ಬರ ಹೆಸರಿಗೆ ಆಗುವುದಿಲ್ಲ. ಮಾರಿದವನು ಕಂತು ನಿಲ್ಲಿಸಿದ್ದರೆ ಸಾಲದವರು ಬಂದು ಗಾಡಿ ಎಳೆದೊಯ್ಯುತ್ತಾರೆ. 'ನಾನು ದುಡ್ಡು ಕೊಟ್ಟು ಕೊಂಡಿದ್ದೀನಿ ಸ್ವಾಮಿ' ಅಂದರೆ ಅವರು ಕೇಳುವುದು ಆರ್.ಸಿ.ಯನ್ನೇ.

ಕೊನೇ ಕಂತು ಕಟ್ಟಿದ ದಿನವೇ ಎರಡು ಕಾಗದ ಕೇಳಿ ಪಡೆಯಿರಿ. ಒಂದು, ಸಾಲ ಬಾಕಿ ಇಲ್ಲ ಅನ್ನುವ ಪತ್ರ. ಇನ್ನೊಂದು, ಸಾಲದವರ ಸಹಿ, ಸೀಲು ಇರುವ ಫಾರಂ 35, ಎರಡು ಪ್ರತಿ. ಇವನ್ನು ಬೀರುವಿನಲ್ಲಿ ಇಟ್ಟರೆ ಏನೂ ಆಗದು. ನೀವೂ ಸಹಿ ಹಾಕಿ, ಆರ್.ಸಿ., ವಿಮೆಯ ಜೊತೆ ಆರ್.ಟಿ.ಒ. ಕಚೇರಿಗೆ ಕೊಟ್ಟು ಶುಲ್ಕ ಕಟ್ಟಿದ ಮೇಲೇ ಹೆಸರು ಹೋಗುವುದು. ಈಗ ಅರ್ಜಿಯನ್ನು ಪರಿವಾಹನ್ ಜಾಲದಲ್ಲಿ ಹಾಕಬೇಕು. ಬಾಕಿ ಇಲ್ಲ ಅನ್ನುವ ಪತ್ರಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಇರುತ್ತದೆ, ತಡ ಮಾಡಿದರೆ ಮತ್ತೆ ಅಲೆದಾಟ.

ಟ್ರ್ಯಾಕ್ಟರಿನವರು ಇನ್ನೊಂದು ಗಮನಿಸಬೇಕು. ಟ್ರ್ಯಾಕ್ಟರಿಗೆ ಒಂದು ನಂಬರು, ಟ್ರೇಲರಿಗೆ ಇನ್ನೊಂದು. ಆರ್.ಸಿ.ಯೂ ಎರಡು. ಎರಡರ ಮೇಲೂ ಸಾಲ ಇದ್ದರೆ ಎರಡಕ್ಕೂ ಫಾರಂ 35 ಬೇಕು. ಬ್ಯಾಂಕು ಟ್ರ್ಯಾಕ್ಟರ್ ಸಾಲಕ್ಕೆ ಜಮೀನನ್ನೂ ಬರೆಸಿಕೊಂಡಿದ್ದರೆ ಆ ಋಣ ಪಹಣಿಯ 11ನೇ ಕಾಲಂನಲ್ಲಿ ಕೂತಿರುತ್ತದೆ. ಆರ್.ಟಿ.ಒ. ಕಚೇರಿಯಲ್ಲಿ ಹೆಸರು ತೆಗೆದರೆ ಪಹಣಿಯಲ್ಲಿ ಹೋಗುವುದಿಲ್ಲ. ಅದಕ್ಕೆ ಬ್ಯಾಂಕಿನಿಂದ ಬೇರೆ ಕಾಗದ ಪಡೆದು ಬೇರೆಯಾಗಿಯೇ ತೆಗೆಸಬೇಕು.

ಮಾರಿದ ಮೇಲೂ ನೀವೇ ಮಾಲೀಕರು

ಗಾಡಿ ಕೊಟ್ಟೆ, ದುಡ್ಡು ಬಂತು, ಇನ್ನು ನನಗೇನು ಅನ್ನುವುದು ದೊಡ್ಡ ತಪ್ಪು ತಿಳುವಳಿಕೆ. ಕಾಯ್ದೆಯ 50ನೇ ಕಲಂ ಪ್ರಕಾರ, ರಾಜ್ಯದ ಒಳಗೇ ಮಾರಿದರೆ ಮಾರಿದವನು 14 ದಿನದೊಳಗೆ ಫಾರಂ 29ರಲ್ಲಿ ತಿಳಿಸಬೇಕು. ಕೊಂಡವನು 30 ದಿನದೊಳಗೆ ಫಾರಂ 30ರಲ್ಲಿ ತನ್ನ ವಾಸದ ವ್ಯಾಪ್ತಿಯ ಆರ್.ಟಿ.ಒ. ಕಚೇರಿಗೆ ಅರ್ಜಿ ಕೊಡಬೇಕು. ಬೆಂಗಳೂರಿನ ಗಾಡಿ ಮಾಗಡಿಗೆ ಬಂದರೆ ಕೆ.ಎ. 41 ಅನ್ನುವ ನಂಬರು ಬದಲಾಗುವುದಿಲ್ಲ, ಹೆಸರು ಮತ್ತು ವಿಳಾಸ ಬದಲಾಗುತ್ತವೆ.

ಬದಲಾಗದಿದ್ದರೆ ಏನಾಗುತ್ತದೆ? ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. 2007ರಲ್ಲಿ ಮಾರಿದ ಗಾಡಿ ಕೈಯಿಂದ ಕೈಗೆ ದಾಟಿತ್ತು. ಆರ್.ಸಿ. ಮಾತ್ರ ಮೊದಲನೆಯವರ ಹೆಸರಿನಲ್ಲೇ ಉಳಿದಿತ್ತು. 2009ರಲ್ಲಿ ಅಪಘಾತವಾಗಿ ಜೀವ ಹೋಯಿತು. ಪರಿಹಾರ ಕಟ್ಟಬೇಕಾದವರು ಆರ್.ಸಿ.ಯಲ್ಲಿ ಹೆಸರಿರುವ ಮೊದಲನೆಯವರೇ ಅಂತ ಕೋರ್ಟು ಹೇಳಿತು. ಗಾಡಿ ಮಾರಿ ಬಂದ ದುಡ್ಡು ಎಷ್ಟು, ಒಂದು ಜೀವಕ್ಕೆ ಕಟ್ಟುವ ಪರಿಹಾರ ಎಷ್ಟು, ಲೆಕ್ಕ ಹಾಕಿ ನೋಡಿ. ಹೊಲ ಮಾರಿದರೂ ಸಾಲದು.

ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುವ ರೂಢಿ ಇದೆ. ಅವನಿಗೆ ಗಿರಾಕಿ ಸಿಗುವ ತನಕ, ಸಿಕ್ಕ ಗಿರಾಕಿ ಅರ್ಜಿ ಹಾಕುವ ತನಕ ಹೊಣೆ ನಿಮ್ಮ ತಲೆ ಮೇಲೇ. ಕೊಂಡವರ ಹೆಸರು, ವಿಳಾಸ, ತಾರೀಖು ತುಂಬಿಸಿಯೇ ಸಹಿ ಹಾಕಿ, ಒಂದು ಜೆರಾಕ್ಸ್ ಇಟ್ಟುಕೊಳ್ಳಿ. ಹೆಸರು ಬದಲಾಯಿತಾ ಅಂತ ತಿಂಗಳು ಬಿಟ್ಟು ನೋಡಿ.

ಕೊಂಡವರೂ ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಎದುರಿನವರಿಗೆ ಆದ ನಷ್ಟದ ವಿಮೆ ಗಾಡಿಯ ಜೊತೆಗೇ ಬರುತ್ತದೆ. ನಿಮ್ಮ ಗಾಡಿಗೇ ಪೆಟ್ಟಾದರೆ ಸಿಗಬೇಕಾದ ದುಡ್ಡು ಹಾಗೆ ತಾನಾಗಿ ಬರುವುದಿಲ್ಲ.

ತೆರಿಗೆ, ಹೊರ ರಾಜ್ಯದ ಗಾಡಿ

ನಮ್ಮಲ್ಲಿ ಗಾಡಿ ತೆರಿಗೆ ನಡೆಯುವುದು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ. ಸ್ವಂತದ ಬೈಕು, ಕಾರಿಗೆ ಆಜೀವ ತೆರಿಗೆ. ಅದು ಗಾಡಿಯ ಜೊತೆ ಹೋಗುತ್ತದೆ, ರಾಜ್ಯದ ಒಳಗೆ ಕೊಂಡವರು ಮತ್ತೆ ಕಟ್ಟಬೇಕಿಲ್ಲ. ಲಾರಿಯಂಥ ದೊಡ್ಡ ಸರಕು ಗಾಡಿಗೆ ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆ ಇರುತ್ತದೆ. ಎಲ್ಲಿಯ ತನಕ ಕಟ್ಟಿದ್ದಾರೆ ಅಂತ ರಸೀದಿ ನೋಡಿಯೇ ಕೊಳ್ಳಿ.

ಹೊಸೂರು ಕಡೆ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಹೋಗುವವರಿದ್ದಾರೆ. ತಮಿಳುನಾಡಿನ ಗಾಡಿ ಇಲ್ಲಿ ನಿಮ್ಮ ಹೆಸರಿಗೆ ಆಗಬೇಕಾದರೆ ಅಲ್ಲಿನ ಕಚೇರಿಯಿಂದ ಫಾರಂ 28ರ ಆಕ್ಷೇಪಣೆ ಇಲ್ಲದ ಪತ್ರ ಬೇಕು. 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು. ಗಾಡಿಯ ವಯಸ್ಸು ನೋಡಿ ಇಲ್ಲಿನ ಆಜೀವ ತೆರಿಗೆಯನ್ನೂ ಕಟ್ಟಬೇಕು. ಇವನ್ನೆಲ್ಲ ಕೂಡಿಸಿದ ಮೇಲೆ ಅಗ್ಗವೋ ತುಟ್ಟಿಯೋ ಹೇಳಿ.

ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹದಿನಾಲ್ಕು ವರ್ಷದ ಗಾಡಿ ಕೊಳ್ಳುವಾಗ ಆ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ತೀರಿಹೋದವರ ಹೆಸರಿನ ಗಾಡಿ

ಜಮೀನಿಗೆ ಪೌತಿ ಖಾತೆ ಇದ್ದಂತೆ ಗಾಡಿಗೆ ಫಾರಂ 31. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಿದರೆ ಮೂರು ತಿಂಗಳು ಗಾಡಿ ಓಡಿಸಬಹುದು. ಆ ಮೂರು ತಿಂಗಳೊಳಗೆ ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಕಾಗದ ಇಟ್ಟು ಅರ್ಜಿ ಹಾಕಬೇಕು. ಅಪ್ಪನ ಹೆಸರಿನ ಟ್ರ್ಯಾಕ್ಟರನ್ನು ಮಕ್ಕಳು ವರ್ಷಗಟ್ಟಲೆ ಹಾಗೇ ಓಡಿಸುವುದು ನಮ್ಮಲ್ಲಿ ಮಾಮೂಲು. ಅಣ್ಣತಮ್ಮಂದಿರು ಚೆನ್ನಾಗಿರುವಾಗಲೇ ಇದನ್ನು ಮುಗಿಸಿ. 2021ರಿಂದ ಆರ್.ಸಿ.ಯಲ್ಲಿ ನಾಮಿನಿ ಹೆಸರು ಹಾಕಿಸಲು ಅವಕಾಶ ಬಂದಿದೆ, ಬದುಕಿರುವಾಗಲೇ ಹಾಕಿಸುವುದು ಸುಲಭದ ದಾರಿ.

ಮುಂಗಡ ಕೊಡುವ ಮುಂಚೆ

ಗಾಡಿ ನಂಬರನ್ನು ಪರಿವಾಹನ್ ಜಾಲದಲ್ಲಿ ಹಾಕಿ ನೋಡಿ. ಮೊಬೈಲ್ ಬಾರದಿದ್ದರೆ ಓದುವ ಮಕ್ಕಳ ಕೈಲಿ ನೋಡಿಸಿ. ನೋಂದಣಿ ದಿನಾಂಕ, ವಿಮೆಯ ಗಡುವು, ಸಾಲದ ಹೆಸರು ಗೊತ್ತಾಗುತ್ತವೆ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರನ್ನು ಗಾಡಿಯ ಮೇಲಿರುವುದಕ್ಕೆ ಒಂದೊಂದೇ ಅಂಕಿ ತಾಳೆ ನೋಡಿ. ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಅಲ್ಲೇ ತೆಗೆದುಕೊಳ್ಳಿ. ಸಾಲದ ಹೆಸರು ಇದ್ದರೆ ಅದನ್ನು ತೆಗೆಸಿದ ಮೇಲೇ ಪೂರ್ತಿ ದುಡ್ಡು ಕೊಡುವುದು ಅಂತ ಮಾತಾಡಿ.

ಇಷ್ಟಕ್ಕೆ ಒಂದೆರಡು ದಿನದ ಕೆಲಸ ಕೆಡಬಹುದು. ಬಿತ್ತನೆ ಹದ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ, ಆದರೆ ಬಿಡಬೇಡಿ.